ಮೊದಲು ಹೊಟ್ಟೆಗೆ ಕಿವಿ ಕೊಡುತ್ತಿದ್ದವರು

ಸ್ಟೆಥಾಸ್ಕೋಪಿನ ತಣ್ಣಗಿನ ಬಿಲ್ಲೆಯನ್ನು ರೋಗಿಯ ಮೈಗೆ ಇಡುವ ಮುನ್ನ ಅವರು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಬೆಚ್ಚಗಾದ ಮೇಲೇ ಇಡುವುದು. ಇಡುವುದೂ ಎದೆಗಲ್ಲ, ಹೊಟ್ಟೆಗೆ. ಹೊಕ್ಕಳಿನ ಬಲಕ್ಕೆ ಒಂದಿಷ್ಟು, ಎಡಕ್ಕೆ ಒಂದಿಷ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ನರ್ಸುಗಳು ಆ ಉಪಕರಣವನ್ನು ಬಿ.ಪಿ. ನೋಡುವುದಕ್ಕಷ್ಟೇ ಮುಟ್ಟುತ್ತಿದ್ದ ಕಾಲ ಅದು. ಎದೆ ನೋಡುವುದು ಡಾಕ್ಟರ ಕೆಲಸ, ಹೊಟ್ಟೆ ನೋಡುವುದೂ ಡಾಕ್ಟರ ಕೆಲಸವೇ. ಇವರು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಕೇಳಿಸಿಕೊಳ್ಳುತ್ತಿದ್ದರು.

ಕಳೆದ ತಿಂಗಳು, ಸರ್ಕಾರಿ ಡಾಕ್ಟರಾಗಿದ್ದ ನಮ್ಮವರ ಜೊತೆ ಹಿಂದೆ ಕೆಲಸ ಮಾಡಿದ್ದ ಕಂಪೌಂಡರೊಬ್ಬರು ಮೊಮ್ಮಗಳ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಚಹಾ ಕುಡಿಯುತ್ತ ಮಾತಿನ ನಡುವೆ ನನ್ನ ಕಡೆ ತಿರುಗಿ, "ಆ ಸಿಸ್ಟರ್ ಹೋದ್ರಲ್ರಿ ಅಕ್ಕಾರ, ಸುದ್ದಿ ಗೊತ್ತಾತೋ ಇಲ್ಲೋ" ಎಂದರು. ಯಾವ ಸಿಸ್ಟರ್ ಎಂದು ನಮ್ಮವರು ಕೇಳಿದರು. "ಅದ ರೀ ಸಾಹೇಬ್ರ, ದಾರದ ಸಿಸ್ಟರ್." ನಮ್ಮವರು ಒಂದು ಕ್ಷಣ ನೆನಪಿಸಿಕೊಂಡರು. "ಹಾಂ, ಆಕಿ" ಎಂದರು. ಎಂದು, ತಟ್ಟೆಯಿಂದ ಇನ್ನೊಂದು ಬಿಸ್ಕೀಟು ತೆಗೆದುಕೊಂಡರು.

ಆ ಬಿಸ್ಕೀಟಿನ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಯಾವ ಊರಿನ ದವಾಖಾನೆ ಎಂದೂ ಹೇಳುವುದಿಲ್ಲ. ಮದುವೆಯಾದ ವರ್ಷದಿಂದ ಎಂಬತ್ತರ ದಶಕ ಮುಗಿಯುವವರೆಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಈ ನಾಲ್ಕು ತಾಲ್ಲೂಕುಗಳ ನಡುವೆಯೇ ನಮ್ಮವರ ವರ್ಗಾವಣೆಗಳು ತಿರುಗಿದವು. ಒಂದು ಊರಿನ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು, ಇನ್ನೊಂದು ಊರಿನ ನೀರಿಗೆ ಬೇಯುತ್ತಲೇ ಇರಲಿಲ್ಲ. ನನಗೆ ಊರುಗಳ ನೆನಪು ಹೀಗೆ. ಅವುಗಳಲ್ಲೊಂದು ಊರಿನ ದವಾಖಾನೆಯಲ್ಲಿ ಅವರು ಸ್ಟಾಫ್ ನರ್ಸ್ ಆಗಿದ್ದರು. ನಮ್ಮ ಕ್ವಾರ್ಟರ್ಸಿನ ಹಿತ್ತಲಿಗೂ ವಾರ್ಡಿನ ಕಿಟಕಿಗೂ ನಡುವೆ ಒಂದು ಬೇವಿನ ಮರ, ಅಷ್ಟೇ ಅಂತರ.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಎಂದರೆ ನನಗೆ ಬೇರೆಯೇ ಚಿತ್ರ: ಎತ್ತರದ ದನಿ, ಇಸ್ತ್ರಿ ಮಾಡಿದ ಶಿಸ್ತು, ಉಗುರು ತಪಾಸಣೆ. ಇವರು ಕುಳ್ಳಗಿನ ಹೆಂಗಸು. ಬಿಳಿ ಸೀರೆಗೆ ಅಕ್ಕಿಯ ಗಂಜಿ ಹಾಕಿ ಒಣಗಿಸುತ್ತಿದ್ದರಾದ್ದರಿಂದ ಹತ್ತಿರ ಬಂದರೆ ಅನ್ನ ಬಸಿದ ಮನೆಯ ವಾಸನೆ. ಗಂಡಸರ ಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿಕೊಳ್ಳುತ್ತಿದ್ದರು. ಎಡಗಾಲಿನ ಚಪ್ಪಲಿಯ ಪಟ್ಟಿ ಹರಿದಿದ್ದನ್ನು ಕೆಂಪು ದಾರದಿಂದ ಹೊಲಿದಿದ್ದರು. ಆ ಕೆಂಪು ದಾರದ ಉಂಡೆ ಸದಾ ಅವರ ಸೊಂಟದಲ್ಲಿ ಇರುತ್ತಿತ್ತು.

ದಾರದ ಸಿಸ್ಟರ್ ಎಂಬ ಹೆಸರು ಬಂದದ್ದು ಹೀಗೆ. ಹೊಟ್ಟೆ ಉಬ್ಬಿದ ರೋಗಿ ಬಂದರೆ ಅವರು ಹೊಕ್ಕಳಿನ ಮಟ್ಟದಲ್ಲಿ ಸುತ್ತ ದಾರ ಹಿಡಿದು, ಎರಡು ತುದಿ ಕೂಡುವಲ್ಲಿ ಗಂಟು ಹಾಕಿ, ಆ ದಾರವನ್ನು ಮಂಚದ ತಲೆಕಡೆಗೆ ಕಟ್ಟುತ್ತಿದ್ದರು. ಮರುದಿನ ಅದೇ ದಾರದಿಂದ ಮತ್ತೆ ಅಳೆದು ಇನ್ನೊಂದು ಗಂಟು. ಹೊಸ ಗಂಟು ಹೊರಗೆ ಹೋದರೆ ಹೊಟ್ಟೆ ಬೆಳೆದಿದೆ, ಒಳಗೆ ಬಂದರೆ ಇಳಿದಿದೆ. ಓದು ಬಾರದ ಆಯಾ ಕೂಡ ನೋಡಿ ಹೇಳಬಹುದಾಗಿತ್ತು.

ರೋಗಿಗಳ ಕಡೆಯವರು ಅದನ್ನು ಮಂತ್ರಿಸಿದ ದಾರ ಎಂದು ತಿಳಿದರು. ದುಂಡಸಿಯಿಂದ ಬಂದ ಒಬ್ಬ ಮುದುಕಿ ಒಂದು ತೆಂಗಿನಕಾಯಿ, ಎರಡು ಊದಿನಕಡ್ಡಿ ಹಿಡಿದುಕೊಂಡು ಬಂದು, ತನ್ನ ಸೊಸೆಗೂ ಒಂದು ದಾರ ಕಟ್ಟಿಕೊಡಬೇಕೆಂದು ಬಾಗಿಲಲ್ಲಿ ಕುಳಿತುಬಿಟ್ಟಳು. ಸಿಸ್ಟರು ನಗಲಿಲ್ಲ, ಬೈಯಲೂ ಇಲ್ಲ. "ಅವ್ವಾ, ಇದು ದೇವರ ದಾರ ಅಲ್ಲ. ದವಾಖಾನಿ ಟೇಪು ಕಳದು ಎರಡ ವರ್ಷ ಆತು, ಅದಕ್ಕ ದಾರ. ನೀ ಆ ಕಾಯಿ ಒಡದು ಚಟ್ನಿ ಅರದು ಸೊಸಿಗೆ ರೊಟ್ಟಿ ಜೋಡಿ ಹಾಕು. ಅದು ಮೈಗೆ ಹತ್ತತೈತಿ" ಎಂದರು. ಮುದುಕಿ ಹೋಗುವಾಗ ಊದಿನಕಡ್ಡಿ ಮಾತ್ರ ಅಲ್ಲೇ ಬಿಟ್ಟು ಹೋದಳು, ಇರಲಿ ಎಂದು.

ಇನ್ನೊಂದು ಸಂಗತಿ ಹೇಳಬೇಕು. ದವಾಖಾನೆಯ ಸಿಬ್ಬಂದಿಗೆ ಬೆಳಗಿನ ಚಹಾ ನಮ್ಮ ಅಡುಗೆಮನೆಯಿಂದಲೇ ಹೋಗುತ್ತಿತ್ತು. ಎಲ್ಲರಿಗೂ ನಮ್ಮ ಮನೆಯ ಕಪ್ಪುಬಸಿ. ಅವರಿಗೆ ಅವರದೇ ಸ್ಟೀಲಿನ ಲೋಟ. ಅದನ್ನು ವಾರ್ಡಿನ ಕಿಟಕಿಯ ಮೇಲೆ ಒಂದು ಕಾಗದ ಮುಚ್ಚಿ ಇಟ್ಟಿರುತ್ತಿದ್ದರು. ಹಿತ್ತಲ ಬಾಗಿಲಿಗೆ ಬಂದು ಲೋಟ ಹಿಡಿಯುತ್ತಿದ್ದರು, ನಾನು ಮೇಲಿನಿಂದ ಹೊಯ್ಯುತ್ತಿದ್ದೆ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಅದು ಅವರ ಶುಚಿತ್ವದ ರೂಢಿ ಎಂದು ನನಗೆ ಅನ್ನಿಸಿತ್ತು. ಅನ್ನಿಸಿತ್ತು ಎಂದು ಬರೆದೆ. ಹಾಗೆಂದುಕೊಂಡಿದ್ದೆ ಎಂಬುದು ಸರಿಯಾದ ಮಾತು. ಅವರ ತವರು ಹಿರೇಕೆರೂರು ಕಡೆಯ ಹಳ್ಳಿ. ಊರ ಹೊರಗಿನ ಕೇರಿಯವರು. ಅವರ ತಂದೆಯ ಕಾಲಕ್ಕೆ ಮನೆಯವರೆಲ್ಲ ಬೌದ್ಧರಾಗಿದ್ದರು. ಇದು ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಚಹಾ ಕುಡಿಯುತ್ತ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಅವರು ವಾರ್ಡಿನ ಸುದ್ದಿ ಹೇಳುತ್ತಿದ್ದರು. ನನಗೆ ಹೊತ್ತು ಹೋಗಬೇಕಿತ್ತು, ಅವರಿಗೆ ಕೇಳುವವರು ಬೇಕಿತ್ತು. ಒಮ್ಮೆ ಮೇಲ್ಹೊಟ್ಟೆಯ ಬೇನೆಯಿಂದ ಬಂದ ಒಬ್ಬ ರೈತ ವಾರದಲ್ಲಿ ತೀರಿಕೊಂಡ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ನಾನು ಚಿತ್ರ ಬರೆದು ಹೆಸರು ಗುರುತಿಸಿದ್ದ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಅಡ್ಡಲಾಗಿ ಮಲಗಿದ ಎಲೆಯಂಥದ್ದು, ಅದು ತನ್ನ ರಸದಲ್ಲಿ ತಾನೇ ಸುಟ್ಟುಕೊಳ್ಳುವ ರೋಗ. ಹೊಟ್ಟೆಯ ರೋಗದಿಂದ ಹೋದ ಎಂದು ನಾನು ಅಂದೆ. ಅವರು ತಲೆ ಅಲ್ಲಾಡಿಸಿದರು.

"ಈ ಬ್ಯಾನ್ಯಾಗ ಮಂದಿ ಹೊಟ್ಟಿಯಿಂದ ಸಾಯೂದಿಲ್ರಿ ಅಕ್ಕಾರ. ಉಸರಿನಿಂದ ಸಾಯ್ತಾರ. ಕರಳು ಸಪ್ಪಳಾ ಮಾಡೂದು ನಿಲ್ಲಸ್ತು ಅಂದ್ರ, ಎರಡ ದಿನಕ್ಕ ಮೂಗಿನ ಹೊಳ್ಳಿ ಅರಳಾಕತ್ತಾವು. ಆಮ್ಯಾಲೆ ಎದಿ."

ಬೇನೆ ಹೊಟ್ಟೆಯಲ್ಲಿ, ಎದೆಗೆ ಏನು ಸಂಬಂಧ ಎಂದು ಕೇಳಿದೆ. ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟು, ಮೊದಲು ತಮಗೆ ಗೊತ್ತಿಲ್ಲ ಎಂದರು. ತಾವು ಡಾಕ್ಟರಕಿ ಓದಿದವರಲ್ಲ ಎಂದರು. ಆಮೇಲೆ ಹೇಳಿದರು: "ಕರಳು ಅಂದ್ರ ಬರೇ ಗಟಾರ ಅಲ್ರಿ. ಅದೊಂದು ಮನಿ. ಅದರ ಗ್ವಾಡ್ಯಾಗ ಕಾವಲ ಕಾಯೂ ಮಂದಿ ಅದಾರ. ಕಾವಲದಾರಗ ದಿನಾ ಕೂಳ ಹಾಕದ ಬಿಟ್ರ ಏನ ಕಾಯ್ತಾರ? ಗ್ವಾಡಿ ಬೀಳತೈತಿ, ಕಳ್ಳರು ಹೊರಬೀಳ್ತಾರ, ಕಾವಲದಾರ್ರೂ ಸಿಟ್ಟಿಗೆದ್ದು ಅವರ ಬೆನ್ನ ಹತ್ತತಾರ. ಕೂಡೇ ಹೋಗಿ ಮ್ಯಾಲಿನ ಮನಿ ಹಾಳ ಮಾಡ್ತಾರ."

ಮೇಲಿನ ಮನೆ ಎಂದರೆ ಶ್ವಾಸಕೋಶ. ಅವರ ತರಬೇತಿಯ ದಿನಗಳಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಇದೇ ಬೇನೆಯ ಇಬ್ಬರು ಹೆಂಗಸರು ಇದ್ದರಂತೆ. ಒಬ್ಬಳನ್ನು ಆರ್ಡರಿನ ಪ್ರಕಾರ ಹತ್ತು ದಿನ ಉಪವಾಸ ಇಟ್ಟರು, ಏದುಸಿರು ಹತ್ತಿ ಸತ್ತಳು. ಇನ್ನೊಬ್ಬಳಿಗೆ ಅವಳ ತಾಯಿ ಸೆರಗಿನ ಮರೆಯಲ್ಲಿ ತೆಳ್ಳಗಿನ ಗಂಜಿಯ ತಿಳಿ ಕುಡಿಸುತ್ತಿದ್ದಳು, ಎದ್ದು ಮನೆಗೆ ಹೋದಳು. ಅಂದಿನಿಂದ ತಾವು ನೋಡುತ್ತ ಬಂದಿದ್ದಾಗಿ ಹೇಳಿದರು. ಗಂಜಿ ಹೋದವರಲ್ಲೂ ಒಬ್ಬರು ಸತ್ತದ್ದನ್ನು ನೋಡಿದ್ದೇನೆ ಎಂದೂ ಹೇಳಿದರು. ಅದನ್ನು ಮುಚ್ಚಿಡಬಹುದಿತ್ತು, ಇಡಲಿಲ್ಲ.

ಈ ಮಾತನ್ನು ನಾನು ಊಟಕ್ಕೆ ಬಡಿಸುತ್ತ ನಮ್ಮವರಿಗೆ ಹೇಳಿದೆ. ಅವರು ನಕ್ಕರು. "ಇನ್ನ ಮ್ಯಾಲ ನಾ ಮನ್ಯಾಗ ಕೂಡತೇನಿ, ಆಕಿನ್ನ ಕುರ್ಚಿಗೆ ಕುಂದರಸು" ಎಂದರು. ನಾನೂ ನಕ್ಕೆ.

ಎಪ್ಪತ್ತೊಂಬತ್ತರ ಆಷಾಢದಲ್ಲಿ ನನ್ನ ತಮ್ಮನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಅವನು ಯಲವಿಗಿ ಸ್ಟೇಶನ್ನಿನಲ್ಲಿ ಟಿಕೀಟು ಕೊಡುತ್ತಿದ್ದ. ಇಪ್ಪತ್ತಾರು ವಯಸ್ಸು. ಆ ಗಟ್ಟಿ ರಟ್ಟಿನ ಟಿಕೀಟಿನ ಮೇಲೆ ತಾರೀಕು ಒತ್ತುವ ಯಂತ್ರದ 'ಟಕ್' ಎಂಬ ಸದ್ದನ್ನು ಬಾಯಲ್ಲಿ ಹಾಗೇ ಮಾಡುತ್ತಿದ್ದ. ಯಾರಾದರೂ ಉದ್ದ ಮಾತಾಡಿದರೆ ನಡುವೆ 'ಟಕ್' ಎಂದುಬಿಡುತ್ತಿದ್ದ, ನಿಮ್ಮ ಟಿಕೀಟು ಆಯಿತು, ಮುಂದೆ ನಡೆಯಿರಿ ಎನ್ನುವಂತೆ. ಯಾರದೋ ಮನೆಯ ತೊಟ್ಟಿಲು ಕಾರ್ಯದಲ್ಲಿ ಹೋಳಿಗೆ ತುಪ್ಪ ಉಂಡು ಬಂದ ಮರುದಿನ ಹೊಟ್ಟೆ ಹಿಡಿದುಕೊಂಡು ಮೊಣಕಾಲಿಗೆ ತಲೆ ಹಚ್ಚಿ ಕುಳಿತವನು ಮತ್ತೆ ನೇರ ಆಗಲಿಲ್ಲ. ಸಮೀಪದ ದವಾಖಾನೆಗಳನ್ನು ದಾಟಿ ಅಕ್ಕನ ಗಂಡ ಡಾಕ್ಟರು ಎಂದು ನಮ್ಮಲ್ಲಿಗೇ ತಂದಿದ್ದರು. ಪಿತ್ತದ ಹರಳು ನಾಳಕ್ಕೆ ಅಡ್ಡ ಸಿಕ್ಕು ಮೇದೋಜೀರಕ ಉರಿದಿದೆ ಎಂದು ನಮ್ಮವರು ಮುಟ್ಟಿ ನೋಡಿಯೇ ಹೇಳಿದರು. ಅದು ಸರಿಯಾಗಿತ್ತು. ಹುಬ್ಬಳ್ಳಿಯಿಂದ ಅವರ ಗೆಳೆಯ ಸರ್ಜನ್ ಕಾರಿನಲ್ಲಿ ಬಂದು ನೋಡಿ, ಈ ಸ್ಥಿತಿಯಲ್ಲಿ ಆ ರಸ್ತೆಯ ಮೇಲೆ ಕುಲುಕಿಸುವುದು ಬೇಡ, ಇದೇ ಚಿಕಿತ್ಸೆ ನಡೆಯಲಿ ಎಂದರು. ಕೈಗೆ ಸಲೈನು. ಮೂಗಿನಿಂದ ಜಠರಕ್ಕೆ ನಳಿಗೆ, ಅದರಿಂದ ಒಳಗಿನದನ್ನೆಲ್ಲ ಹೊರಗೆ ಎಳೆಯುವುದು. ಬಾಯಿಂದ ಒಂದು ಹನಿಯೂ ಇಲ್ಲ. ಕರುಳಿಗೆ ವಿಶ್ರಾಂತಿ ಕೊಡಬೇಕು; ಅಂದಿನ ಪುಸ್ತಕದಲ್ಲಿ ಹಾಗೇ ಇತ್ತು. ನಮ್ಮವರು ಪುಸ್ತಕ ಬಿಟ್ಟು ಒಂದಕ್ಷರ ಆಚೆ ಹೋಗಲಿಲ್ಲ. ಅವರನ್ನು ದೂರುವುದಕ್ಕೂ ಆಗುವುದಿಲ್ಲ ಎಂಬುದೇ ನನಗೆ ಉಳಿದಿರುವ ಕಹಿ.

ನನ್ನ ಅವ್ವ ಬಂದು ತಲೆದಿಂಬಿನ ಬಳಿ ಕುಳಿತಳು. ಮಡಿ ಮೈಲಿಗೆ ಬಲು ಮಾಡುವವಳು. ಸಿಸ್ಟರು ಹತ್ತಿಯನ್ನು ನೀರಿನಲ್ಲಿ ಅದ್ದಿ ಅವನ ಒಣಗಿದ ತುಟಿಗೆ ಸವರಿದಾಗ, ಅವರು ಆಚೆ ಹೋಗುವುದನ್ನೇ ಕಾದು ಅವ್ವ ತನ್ನ ತಂಬಿಗೆಯ ನೀರಿನಿಂದ ಆ ತುಟಿಯನ್ನು ತೊಳೆದಳು. ನಮ್ಮವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. "ಚಿಂತಿ ಮಾಡಬ್ಯಾಡ್ರಿ ಅತ್ತಿಯವರ, ಹೊಟ್ಟಿಗೆ ಏನೂ ಕೊಡೂದಿಲ್ಲ, ಯಾರ ಕೈಲಿಂದನೂ ಇಲ್ಲ" ಎಂದರು. ಅವ್ವನ ಮುಖ ನಿರಾಳವಾಯಿತು. ಡಾಕ್ಟರ ಆರ್ಡರು ಆ ಹೊತ್ತು ಕೊಡೆಯ ಹಾಗೆ ಬಿಚ್ಚಿಕೊಂಡಿತು. ನಾವೆಲ್ಲ ಅದರ ಕೆಳಗೆ ನಿಂತೆವು.

ಮೂರನೆಯ ದಿನ ದಾರದ ಗಂಟು ಎರಡು ಬೆರಳು ಹೊರಗೆ ಹೋಗಿತ್ತು. ಸಿಸ್ಟರು ಹಿತ್ತಲಿಗೆ ಬಂದರು. ಲೋಟ ತಂದಿರಲಿಲ್ಲ.

"ಹೊಟ್ಟಿ ಮಾತ ಬಿಟ್ಟೈತ್ರಿ ಅಕ್ಕಾರ. ಉಸರು ನಿಮಿಷಕ್ಕ ಮೂವತ್ತರ ಮ್ಯಾಲ ನಡದೈತಿ. ನಾ ಸಾಹೇಬರಿಗೆ ಹೇಳಿ ನೋಡಿದೆ. ನೀವು ಒಪ್ಪಿದ್ರ ಒಂದ ದಾರಿ ಐತಿ."

ಅಕ್ಕಿಯ ನುಚ್ಚನ್ನು ಕರಗಿ ನೀರಾಗುವವರೆಗೆ ಬೇಯಿಸಿ, ತೆಳುವಾದ ಧೋತರದ ಬಟ್ಟೆಯಲ್ಲಿ ಎರಡು ಸಲ ಸೋಸಿ, ಚಿಟಿಕೆ ಉಪ್ಪು ಹಾಕಿ ಕೊಡಬೇಕು. ಒಳಗಿನದನ್ನು ಎಳೆಯುವ ಅದೇ ನಳಿಗೆಯಿಂದ ತಾವು ತಾಸಿಗೊಮ್ಮೆ ಎರಡೇ ಚಮಚೆ ಬಿಟ್ಟು, ತಲೆಕಡೆ ಎತ್ತರ ಮಾಡಿ, ಸ್ವಲ್ಪ ಹೊತ್ತು ನಳಿಗೆ ಮಡಚಿ ಹಿಡಿಯುವುದು. ಹೊಟ್ಟೆ ಉಬ್ಬಿದರೆ, ವಾಂತಿ ಬಂದರೆ, ಆ ಘಳಿಗೆಗೆ ನಿಲ್ಲಿಸುವುದು. ಇಷ್ಟು ಹೇಳಿ, "ನಿಮ್ಮ ಮನ್ಯಾಗ ಮಾಡ್ರಿ. ನನ್ನ ಮನೀದು ಬ್ಯಾಡ. ನಿಮ್ಮ ಅವ್ವಾರ ಜೀವಕ್ಕ ತ್ರಾಸ ಆಗಬಾರದು" ಎಂದರು. ಇದು ತಪ್ಪಲ್ಲವೇ ಎಂದು ಕೇಳಿದೆ. "ತಪ್ಪಂದ್ರ ತಪ್ಪರಿ. ಆರ್ಡರ್ ಮೀರಿದಂಗ ಆತು" ಎಂದರು. ಆ ಮಾತನ್ನೂ ಮುಚ್ಚಿಡಲಿಲ್ಲ.

ನಾನು ಮಾಡಿದೆ. ಮದುವೆಯಲ್ಲಿ ಅವ್ವ ಕೊಟ್ಟ ಸಣ್ಣ ಸ್ಟೀಲಿನ ಪಾತ್ರೆ, ಅಂಚಿನಲ್ಲಿ ನನ್ನ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಅದರಲ್ಲೇ ಹಾಕಿ ಕೊಟ್ಟೆ. ನಮ್ಮವರು ಹೊರರೋಗಿಗಳನ್ನು ನೋಡಲು ಓ.ಪಿ.ಯಲ್ಲಿ ಕುಳಿತಾಗ, ಅವ್ವ ಸ್ನಾನ ಪೂಜೆ ಎಂದು ನಮ್ಮ ಮನೆಗೆ ಹೋದಾಗ, ಸಿಸ್ಟರು ಗಾಜಿನ ಪಿಚಕಾರಿಯಿಂದ ಎರಡು ಚಮಚೆ ಬಿಡುತ್ತಿದ್ದರು. ನಾನು ಬಾಗಿಲು ಕಾಯುತ್ತಿದ್ದೆ. ಬಿಡುವಾಗ ಅವರ ತುಟಿ ತಾನೇ ಸ್ವಲ್ಪ ತೆರೆದುಕೊಳ್ಳುತ್ತಿತ್ತು, ಕೂಸಿಗೆ ತುತ್ತು ಕೊಡುವ ತಾಯಂದಿರ ಹಾಗೆ.

ಐದನೆಯ ದಿನ ಮಧ್ಯಾಹ್ನ ಅವರು ನನ್ನನ್ನು ಕರೆದು ಸ್ಟೆಥಾಸ್ಕೋಪನ್ನು ನನ್ನ ಕಿವಿಗೆ ಹಾಕಿದರು. ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತಮ್ಮನ ಹೊಟ್ಟೆಯ ಮೇಲೆ ಇಟ್ಟರು. ಮೊದಲು ಏನೂ ಇಲ್ಲ. ಆಮೇಲೆ ದೂರದ ಬಾವಿಯಲ್ಲಿ ಕೊಡ ಮುಳುಗಿದ ಹಾಗೆ ಒಂದು ಸದ್ದು. ಮತ್ತೊಂದು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವತ್ತಿನ ಗಂಟು ನಿನ್ನೆಯ ಗಂಟಿನ ಮೇಲೆಯೇ ಬಿತ್ತು. ಉಸಿರು ಇಪ್ಪತ್ತಾರಕ್ಕೆ ಇಳಿದಿತ್ತು. ತಮ್ಮ ಕಣ್ಣು ತೆರೆದು, ನಾನೂ ಸಿಸ್ಟರೂ ಪಿಸುಗುಡುವುದನ್ನು ನೋಡಿ, ಒಣ ಬಾಯಲ್ಲಿ 'ಟಕ್' ಎಂದ. ಆ ಸದ್ದು ಸರಿಯಾಗಿ ಬರಲಿಲ್ಲ. ಆದರೂ ಬಂತು.

ಆರನೆಯ ದಿನ ಅವ್ವ ಬೇಗ ಬಂದಳು. ಪಿಚಕಾರಿಯಲ್ಲಿ ಬೆಳ್ಳಗಿನದು ಇನ್ನೂ ಅರ್ಧ ಇತ್ತು.

"ಏನದು? ಯಾರ ಮನೀದು ಅದು?"

ಅವ್ವನಿಗೆ ಉತ್ತರ ಬೇಕಿರಲಿಲ್ಲ. ತನ್ನ ಮಗನ ಹೊಟ್ಟೆಯಲ್ಲಿ ಎಂಥವರ ಮನೆಯದು ಹೋಯಿತು ಎಂದು ಹಣೆ ಬಡಿದುಕೊಳ್ಳುತ್ತ ಕೂಗಿಬಿಟ್ಟಳು. ನಮ್ಮವರು ಓ.ಪಿ. ಬಿಟ್ಟು ಬಂದರು. ಪಿಚಕಾರಿ ನೋಡಿದರು, ನಳಿಗೆ ನೋಡಿದರು. ದನಿ ಏರಿಸಲಿಲ್ಲ. ಅವರು ಸಿಟ್ಟಿಗೆದ್ದಾಗ ದನಿ ಇಳಿಯುತ್ತದೆ.

"ಯಾರು ಮಾಡಿದ್ದು ಇದನ್ನ?"

ಪಾತ್ರೆ ಸ್ಟೂಲಿನ ಮೇಲಿತ್ತು, ಹೆಸರಿದ್ದ ಅಂಚು ಅವ್ವನ ಕಡೆಗೆ. ಸಿಸ್ಟರು ಒಂದು ಹೆಜ್ಜೆ ಸರಿದು ನಿಂತರು. ಅವರ ಸೆರಗಿನ ಹಿಂದೆ ಪಾತ್ರೆ ಮರೆಯಾಯಿತು. ಆಮೇಲೆ ನನ್ನ ಕಡೆ ನೋಡಿದರು. ಬೇಡುವ ನೋಟ ಅಲ್ಲ, ಬೆದರಿಸುವ ನೋಟವೂ ಅಲ್ಲ. ಹೊಟ್ಟೆಯ ಮೇಲೆ ಬಿಲ್ಲೆ ಇಟ್ಟು ಸದ್ದಿಗಾಗಿ ಕಾಯುತ್ತಿದ್ದರಲ್ಲ, ಹಾಗೆ. ಎರಡು ಉಸಿರಿನಷ್ಟು ಹೊತ್ತು ಕಾದರು. ಕಾನ್ವೆಂಟಿನಲ್ಲಿ ನನಗೆ ಸುಳ್ಳು ಹೇಳಬಾರದು ಎಂದು ಕಲಿಸಿದ್ದರು. ಸುಮ್ಮನೆ ನಿಲ್ಲುವುದರ ಬಗ್ಗೆ ಏನೂ ಕಲಿಸಿರಲಿಲ್ಲ.

"ನಾನ ತಂದೇನ್ರಿ ಸಾಹೇಬ್ರ" ಎಂದರು ಅವರು. "ನನ್ನ ಮನೀದು."

ನಮ್ಮವರು ಅದೇ ಪಿಚಕಾರಿಯಿಂದ ಒಳಗಿದ್ದ ಗಂಜಿಯನ್ನೆಲ್ಲ ಎಳೆದು ತೆಗೆದರು. ಅವ್ವ ಮಂಚದ ಸುತ್ತ ನೀರು ಚಿಮುಕಿಸಿದಳು. ದಾರವನ್ನೂ ಬಿಚ್ಚಿ ಕಿಟಕಿಯಿಂದ ಆಚೆ ಎಸೆದಳು. ಸಿಸ್ಟರನ್ನು ಆ ಮಧ್ಯಾಹ್ನವೇ ವಾರ್ಡಿನಿಂದ ತೆಗೆದು ಚುಚ್ಚುಮದ್ದಿನ ಕೋಣೆಗೆ ಹಾಕಿದರು. ಹೋಗುವ ಮುನ್ನ ಅವರು ಆ ಪಾತ್ರೆಯನ್ನು ತೊಳೆದು, ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಬೋರಲು ಹಾಕಿ ಇಟ್ಟು ಹೋಗಿದ್ದರು.

ಎಂಟನೆಯ ದಿನ ತಮ್ಮನ ಮೂಗಿನ ಹೊಳ್ಳೆಗಳು ಅರಳತೊಡಗಿದವು. ಇನ್ನಾರಿಗೂ ಅದು ಕಾಣಲಿಲ್ಲ, ನನಗೆ ಕಂಡಿತು. ಏನನ್ನು ನೋಡಬೇಕೆಂದು ನನಗೆ ಕಲಿಸಿದ್ದವರು ನೂರು ಹೆಜ್ಜೆ ಆಚೆ ಮಕ್ಕಳಿಗೆ ಚುಚ್ಚುತ್ತ ಕುಳಿತಿದ್ದರು. ಆಕ್ಸಿಜನ್ ಸಿಲಿಂಡರು ಬಂತು, ಅದರ ಸುಯ್ ಎನ್ನುವ ಸದ್ದು ಬಂತು. ಒಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ಆ ಸದ್ದೊಂದೇ ಉಳಿಯಿತು.

ನಮ್ಮವರು ಧಾರವಾಡದ ಜಿಲ್ಲಾ ಕಚೇರಿಗೆ ವರದಿ ಬರೆದರು. ಅಪ್ಪಣೆಯಿಲ್ಲದೆ ಹೊಟ್ಟೆಗೆ ಕೊಟ್ಟ ಆಹಾರ ಶ್ವಾಸಕೋಶಕ್ಕೆ ಇಳಿದು ರೋಗಿ ಉಸಿರು ಕಟ್ಟಿ ಸತ್ತಿದ್ದಾನೆ ಎಂದು. ಅವರಿಗೆ ಹಾಗೇ ಅನ್ನಿಸಿತ್ತು, ಸುಳ್ಳು ಬರೆಯುವವರಲ್ಲ. ಗಂಜಿ ನಿಂತ ಮೂರನೆಯ ದಿನಕ್ಕೆ ಸತ್ತ ಎಂಬುದನ್ನು ಮಾತ್ರ ಯಾರೂ ಎಣಿಸಲಿಲ್ಲ. ಅವ್ವ ಸಾಯುವವರೆಗೂ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದಳು: "ಆಕಿ ಕೈದು ಹೊಟ್ಟಿಗೆ ಹೋತು, ನನ್ನ ಮಗನ ಉಸರು ಕಟ್ಟಿತು." ಹೊಟ್ಟೆಯಿಂದ ಉಸಿರಿಗೆ ದಾರಿಯಿದೆ ಎಂದು ಸಿಸ್ಟರು ಹೇಳಿದ್ದನ್ನು ಕಡೆಗೂ ನಮ್ಮ ಮನೆಯಲ್ಲಿ ಒಪ್ಪಿಕೊಂಡವಳು ಅವ್ವ ಒಬ್ಬಳೇ. ಆ ಮಾತು ಬಂದಾಗೆಲ್ಲ ನಾನು ಬಂದವರಿಗೆ ಚಹಾ ತರಲು ಒಳಗೆ ಹೋಗುತ್ತಿದ್ದೆ.

ಎರಡು ತಿಂಗಳಲ್ಲಿ ಸಿಸ್ಟರಿಗೆ ವರ್ಗವಾಯಿತು. ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರಕ್ಕೆ, ವಾರ್ಡಿಲ್ಲದ, ಹಾಸಿಗೆಯಿಲ್ಲದ ಕಡೆಗೆ. ಅವರ ಕೈಗೆ ಮತ್ತೆ ಅಂಥ ರೋಗಿ ಸಿಗದ ಹಾಗೆ.

ನಮ್ಮ ಮಗಳು ಈಗ ಡಾಕ್ಟರು. ಉಸಿರಾಟದ ಯಂತ್ರ ಹಚ್ಚಿದ ರೋಗಿಗಳನ್ನು ನೋಡಿಕೊಳ್ಳುತ್ತಾಳೆ. ಯಾರದೋ ಸುದ್ದಿ ಎನ್ನುವ ಹಾಗೆ ಅವಳನ್ನು ಒಮ್ಮೆ ಕೇಳಿದೆ. ಈಗ ಅಂಥವರನ್ನು ಬಹಳ ದಿನ ಉಪವಾಸ ಇಡುವುದಿಲ್ಲ ಅಮ್ಮ, ಸಾಧ್ಯವಾದಷ್ಟು ಬೇಗ ನಳಿಗೆಯಿಂದ ಹೊಟ್ಟೆಗೆ ಕೊಡುತ್ತೇವೆ ಎಂದಳು. ನಮ್ಮ ಮೈಯ ರಕ್ಷಣೆಯ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇದೆಯಂತೆ. ಮೇದೋಜೀರಕ ಉರಿದಾಗ ಆ ಗೋಡೆ ಸೋರುತ್ತದೆ, ಕಾಯುವ ಕಣಗಳ ಹದ ತಪ್ಪುತ್ತದೆ. ಕ್ರಿಮಿಗಳ ವಿಷವೂ, ಕೆರಳಿದ ಕಣಗಳೂ ಕರುಳಿನಿಂದ ದುಗ್ಧರಸದ ನಾಳಗಳಲ್ಲಿ ಹೊರಟು ರಕ್ತಕ್ಕೆ ಸೇರಿ ಮೊದಲು ಸಿಕ್ಕುವ ಶ್ವಾಸಕೋಶವನ್ನೇ ಹಿಡಿಯುತ್ತವೆ. ಎಷ್ಟೋ ಸಲ ಅದನ್ನು ಹಾಳು ಮಾಡುವುದು ಹೊರಗಿನ ಕ್ರಿಮಿಗಿಂತ ನಮ್ಮದೇ ಕಾವಲು ಎಂದಳು. ಹಾಗಾದರೆ ಕೊಟ್ಟಿದ್ದರೆ ಬದುಕುತ್ತಿದ್ದರೇ ಎಂದು ಕೇಳಿದೆ. ಹೇಳಲಾಗದು, ಈಗಲೂ ಎಷ್ಟೋ ಜನ ಉಳಿಯುವುದಿಲ್ಲ ಎಂದಳು. ಯಾರು ಅಮ್ಮ ಅದು ಎಂದು ಕೇಳಿದಳು. ಹಳೆಯ ಮಾತು ಎಂದೆ.

ಎಂಬತ್ತಾರರಲ್ಲಿ ನಾವು ಹಾನಗಲ್ಲಿನಲ್ಲಿದ್ದೆವು. ಅವ್ವ ಹೋಗಿ ವರ್ಷವಾಗಿತ್ತು. ಅಬಲೂರಿನ ಗುಡಿಯ ಶಾಸನ ನೋಡಿ ಬರುತ್ತೇನೆ ಎಂದು ನಮ್ಮವರಿಗೆ ಹೇಳಿ ಬಸ್ಸು ಹತ್ತಿದೆ. ಸಿಸ್ಟರ ಉಪಕೇಂದ್ರ ಅಲ್ಲಿಂದ ಮುಂದಿನ ಹಳ್ಳಿಯಲ್ಲಿತ್ತು. ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಹಸಿವಾಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಸ್ಸಿನಲ್ಲೇ ತಿಂದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದೆ.

ಕೇಂದ್ರದ ಹಿಂದೆಯೇ ಅವರ ಮನೆ. ಎರಡು ಕೋಣೆ. ಗೋಡೆಗೆ ಒಂದು ಬುದ್ಧನ ಪಟ, ಅದರ ಮೊಳೆಗೇ ಕೆಂಪು ದಾರದ ಉಂಡೆ. ಕೂದಲು ಪೂರ್ತಿ ನರೆತಿತ್ತು, ಗಡಿಯಾರ ಅದೇ, ಮಣಿಕಟ್ಟಿನ ಒಳಗಡೆಗೆ. "ಬರ್ರಿ ಅಕ್ಕಾರ, ಬರ್ರಿ, ಕುಂದರ್ರಿ" ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಏಳು ವರ್ಷದ ಮೇಲೆ ಬಂದವಳನ್ನು ಏಕೆ ಬಂದೆ ಎಂದು ಕೇಳಲಿಲ್ಲ.

ನಾನೇ ಹೇಳಿದೆ. ಆ ಪಾತ್ರೆ ನನ್ನದೆಂದು ನಾನು ಅವತ್ತು ಹೇಳಬೇಕಿತ್ತು ಎಂದೆ. ಅವರು ಸಮಾಧಾನ ಮಾಡಲು ಬರಲಿಲ್ಲ. ರೋಗಿಯ ಸಂಬಂಧಿಕರಿಗೆ ಹೇಳುವ ದನಿಯಲ್ಲಿ ಹೇಳಿದರು.

"ಹೇಳಿದ್ರ ನಿಮಗ ಮನ್ಯಾಗ ಭಾಳ ತ್ರಾಸ ಆಗತಿತ್ತು. ಅದು ಖರೆ. ಆದ್ರ ನಿಮ್ಮ ಕೈದು ಅಂತ ಗೊತ್ತಾಗಿದ್ರ ನಿಮ್ಮ ಅವ್ವಾರು ಸುಮ್ಮನ ಆಗತಿದ್ರು, ನಿಮ್ಮಿಬ್ಬರ ಮಾತಿಗೆ ಸಾಹೇಬ್ರೂ ಒಪ್ಪತಿದ್ರೇನೋ. ಅವಂಗ ಇನ್ನೊಂದ ನಾಕ ದಿನ ಗಂಜಿ ಹೋಗತಿತ್ತು."

ಈ ಲೆಕ್ಕವನ್ನು ನಾನು ಏಳು ವರ್ಷದಲ್ಲಿ ಒಮ್ಮೆಯೂ ಹಾಕಿರಲಿಲ್ಲ. ಸಿಕ್ಕಿಬೀಳುತ್ತೇನೆ ಎಂದು ಹೆದರಿ ಸುಮ್ಮನಿದ್ದೆ. ನನ್ನ ಹೆಸರು ಹೇಳಿದ್ದರೆ ಬಹುಶಃ ಗಂಜಿಯೇ ನಿಲ್ಲುತ್ತಿರಲಿಲ್ಲ. ಅವರು ಅದನ್ನು ಅವತ್ತೇ, ಆ ಎರಡು ಉಸಿರಿನಲ್ಲೇ ಕಂಡಿದ್ದರು. ಅದಕ್ಕೇ ಕಾದದ್ದು.

ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ತಟ್ಟೆ: ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಜೊತೆಗೆ ಸ್ಟೀಲಿನ ಲೋಟದಲ್ಲಿ ಮಜ್ಜಿಗೆ. ಅದೇ ಲೋಟ. "ದೂರದಿಂದ ಬಂದೀರಿ, ಒಂದೀಟ ಉಣ್ರಿ" ಎಂದರು.

ನಾನು ಉಣ್ಣಬೇಕೆಂದೇ ಇದ್ದೆ. ಅದಕ್ಕಾಗಿಯೇ ಬಂದಿದ್ದೇನೆ ಎಂದು ಕೂಡ ಆ ಕ್ಷಣ ಅನ್ನಿಸಿತು. ಆದರೆ ನನ್ನ ಬಾಯಿ ನನಗಿಂತ ಮೊದಲು ಮಾತಾಡಿತ್ತು.

"ಇವತ್ತ ಸೋಮವಾರ ಅಲ್ರಿ, ನಂದು ಉಪವಾಸ."

ಸೋಮವಾರವೇನೋ ಹೌದು. ನಾನು ಯಾವ ಸೋಮವಾರವೂ ಉಪವಾಸ ಮಾಡಿದವಳಲ್ಲ.

ಅವರು ತಟ್ಟೆ ಹಿಡಿದುಕೊಂಡೇ ನಿಂತರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಬಗ್ಗಿ, ನನ್ನ ಸೀರೆಯ ನಿರಿಗೆಯಲ್ಲಿ ಸಿಕ್ಕಿಕೊಂಡಿದ್ದ ಏನನ್ನೋ ಎರಡು ಬೆರಳಿನಿಂದ ಮೆಲ್ಲಗೆ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅರಿಶಿನದ ಒಗ್ಗರಣೆ ಹತ್ತಿದ ಒಂದು ಮಂಡಕ್ಕಿ ಕಾಳು.

"ಉಪವಾಸ ಭಾಳ ಹಿಡೀಬ್ಯಾಡ್ರಿ ಅಕ್ಕಾರ" ಎಂದರು. "ಹೊಟ್ಟಿ ಖಾಲಿ ಇಟ್ರ ಎದಿಗೆ ಬರತೈತಿ."

ತಟ್ಟೆಯನ್ನು ಒಳಗೆ ಒಯ್ದು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ ಸದ್ದು ಕೇಳಿಸಿತು.